ಸದ್ದಿಲ್ಲದ ವಿಭಾಗ

…ಅಲ್ಲ, ಆ ಕುರ್ಚಿ ಬೇಡ ಗಿಣಿ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ ಬಾ, ಕಿಟಕಿ ಹತ್ರ, ನನ್ನ ಎದುರಿಗೆ ಕೂತ್ಕೋ. ಹಾಂ, ಹಾಗೆ. ಬೆಳಕು ನಿನ್ನ ಮುಖದ ಮೇಲೆ ಬೀಳಲಿ. ಎಷ್ಟು ದಿನ ಆಯ್ತು ನಿನ್ನ ಮುಖ ನೆಟ್ಟಗೆ ನೋಡಿ. ಗಿರಣಿಯಲ್ಲಿ ನೋಡೋದು ಬೇರೆ ಬಿಡು. ಅಲ್ಲಿ ನೀನು ಸುರಕ್ಷತಾ ಅಧಿಕಾರಿ, ತಲೆ ಮೇಲೆ ಹಳದಿ ಟೋಪಿ, ಕಂಕುಳಲ್ಲಿ ಕಾಗದ. ನಾನು ದಾರಕ್ಕೆ ಗಂಜಿ ಹಾಕೋ ವಿಭಾಗದ ಮೇಸ್ತ್ರಿ. ಎದುರು ಸಿಕ್ಕಾಗ ನಮಸ್ಕಾರ ಮೇಡಂ ಅಂತ ಬೇಕಂತಲೇ ಅಂತೀನಿ, ನೀನು ಮುಖ ಸಿಂಡರಿಸ್ತೀಯ. ಇಲ್ಲಿ ಅದೆಲ್ಲ ಇಲ್ಲ. ಇಲ್ಲಿ ನೀನು ನನ್ನ ತಂಗಿ ಮಗಳು, ನಾನು ನಿನ್ನ ಸೋದರಮಾವ. ಮೂಗು ಸೋರಿಸ್ಕೊಂಡು ನನ್ನ ಹೆಗಲ ಮೇಲೆ ಕೂತಿದ್ದವಳು ನೀನು. ಏನು ನಗ್ತೀಯ? ಸುಳ್ಳಾ?

ಅತ್ತೆನಾ? ಆಸ್ಪತ್ರೆಗೆ ಹೋಗಿದ್ದಾಳೆ, ನಮ್ಮ ವಿಭಾಗದ ತೆಳ್ಳಕ್ಕನ್ನ ನೋಡೋಕೆ. ದಿನಾ ಹೋಗ್ತಾಳೆ, ಬಿಸಿನೀರು, ಹಣ್ಣು, ಏನೇನೋ ತುಂಬ್ಕೊಂಡು. ನಾನು ಬೇಡ ಅಂದೆ. ವಿಚಾರಣೆ ಮುಗಿಯೋ ತನಕ ನಮ್ಮ ಮನೆಯವರು ಅಲ್ಲಿಗೆ ಹೋದ್ರೆ ನೋಡಿದವರು ಏನಂದ್ಕೋತಾರೆ? ನನ್ನ ಮಾತನ್ನ ಅವಳು ಯಾವತ್ತು ಕಿವಿ ಮೇಲೆ ಹಾಕ್ಕೊಂಡಿದ್ದಾಳೆ ಹೇಳು.

ಗೊತ್ತು, ಗೊತ್ತು. ನೀನು ಟೀ ಕುಡಿಯೋಕೆ ಬಂದವಳಲ್ಲ. ನಾಳೆ ವರದಿ ಕೊಡಬೇಕು, ಅದಕ್ಕೆ ನನ್ನ ಹೇಳಿಕೆ ಮೇಲೆ ಸಹಿ ಬೇಕು. ಹಾಕೋಣ. ಸಹಿ ಎಲ್ಲಿಗೆ ಓಡಿಹೋಗತ್ತೆ? ನಿನ್ನ ಆ ದಪ್ಪ ಪುಸ್ತಕ ತಂದಿಲ್ವಾ ಇವತ್ತು? ಒಂದೊಂದು ಕಸುಬಿಗೂ ಒಂದೊಂದು ಅಧ್ಯಾಯ ಇರೋದು? ಚರ್ಮ ಹದ ಮಾಡೋರಿಗೆ ಒಂದು, ಗಾಜಿನ ಕುಲುಮೆಯವರಿಗೆ ಒಂದು, ಬ್ರೆಡ್ ಸುಡೋರಿಗೂ ಒಂದು! ಬ್ರೆಡ್ಡಿನವರಿಗೆ ಏನಮ್ಮಾ ಅಪಾಯ, ಬೆರಳು ಸುಟ್ಕೋಬಹುದು ಅಷ್ಟೇ ಅಂತ ನಾನು ಆಡ್ಕೊಂಡಿದ್ದೆ. ಆಗ ನೀನು, ಹಿಟ್ಟಿನ ಧೂಳು ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿ ಬಿದ್ರೆ ಕಟ್ಟಡಾನೇ ಹಾರಿಸತ್ತೆ ಮಾವ ಅಂದೆ. ಅವತ್ತಿಂದ ನಿಮ್ಮತ್ತೆ ಹಿಟ್ಟು ಜರಡಿ ಹಿಡೀತಾ ಕೂತ್ರೆ ನಾನು ಅಡುಗೆಮನೆಗೆ ಕಾಲಿಡಲ್ಲ. ಅವಳು, ಕೆಲಸ ತಪ್ಪಿಸಿಕೊಳ್ಳೋಕೆ ಒಳ್ಳೆ ಪುಸ್ತಕ ಸಿಕ್ತು ನಿಮಗೆ ಅಂತಾಳೆ.

ನಮ್ಮ ಬಟ್ಟೆ ಗಿರಣಿ ಅಧ್ಯಾಯಾನೂ ಓದಿ ಹೇಳಿದ್ದೀಯಲ್ಲ, ಇದೇ ಮೇಜಿನ ಮೇಲೆ. ಹತ್ತಿ ಧೂಳಿಗೆ ಮೂಗಿಗೊಂದು ಬಟ್ಟೆ. ಬಣ್ಣದ ನೀರು ಹಾಗೇ ಕಾಲುವೆಗೆ ಬಿಡೋ ಹಾಗಿಲ್ಲ. ಮಗ್ಗದ ಸದ್ದಿಗೆ ಕಿವಿಗೆ ಸ್ಪಂಜು. ಯಂತ್ರದೊಳಗೆ ಕೈ ಹಾಕೋರು ಮೊದಲು ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗದ ಕೈ ಅವರ ಜೇಬಿನಲ್ಲೇ ಇರಬೇಕು… ನೋಡು, ಎಲ್ಲ ಬಾಯಿಪಾಠ. ಪರೀಕ್ಷೆ ಇಟ್ರೆ ನಿನ್ನ ಕೆಲಸ ನನಗೇ ಸಿಗತ್ತೆ.

ಬೀಗದ ವಿಷಯ ಕೇಳ್ತೀಯ ಅಂತ ಗೊತ್ತಿತ್ತು. ಇದೆ ಬೀಗ. ನೀನು ಕೊಟ್ಟ ಕೆಂಪು ಬೀಗ, ಅಲ್ಲೇ ಮೊಳೆಗೆ ನೇತುಹಾಕಿದೆ. ನಾನು ಬಳಸಿಲ್ಲ, ಸುಳ್ಳು ಯಾಕೆ ಹೇಳ್ಲಿ. ಒಂದು ಪಾಳಿಯಲ್ಲಿ ಎಷ್ಟು ಸಲ ದಾರ ಸುತ್ತಿಕೊಳ್ಳತ್ತೆ ಗೊತ್ತಾ ಆ ರೋಲರಿಗೆ? ಪ್ರತಿ ಸಲಾನೂ ಬೀಗ ಹಾಕು, ತೆಗಿ, ಹಾಕು, ತೆಗಿ… ಗಂಜಿ ಗಟ್ಟಿಯಾಗಿ ಕಲ್ಲಾಗತ್ತೆ ಅಷ್ಟರಲ್ಲಿ. ನಮ್ಮಲ್ಲಿ ಹಳೇ ಪದ್ಧತಿ ಇದೆ, ಚೆನ್ನಾಗಿದೆ. ನಾನು ಮುಂದೆ, ಸ್ವಿಚ್ಚಿನ ಹತ್ರ. ದಾರ ಬಿಡಿಸೋರು ಯಂತ್ರದ ಹಿಂದೆ. ಮಧ್ಯೆ ಆ ಬಿಸಿ ಡ್ರಮ್ಮುಗಳು, ಒಬ್ಬರಿಗೊಬ್ಬರು ಕಾಣಲ್ಲ. ನಾನು ಬಿಡ್ಲಾ ಅಂತ ಕೂಗ್ತೀನಿ. ಅವರು ಬಿಡಿ ಅಂದ್ರೆ ಯಂತ್ರ ಬಿಡೋದು, ತಾಳಿ ಅಂದ್ರೆ ನಿಲ್ಲೋದು. ಏನೂ ಅನ್ನದೆ ಇದ್ರೂ ನಿಲ್ಲೋದು. ಬಾಯಿರೋ ಮನುಷ್ಯರ ನಡುವೆ ಬೀಗ ಯಾಕೆ ಬೇಕು?

ಅವತ್ತೂ ಅಷ್ಟೇ. ಎಷ್ಟು ಸಲ ಹೇಳ್ಲಿ? ಮ್ಯಾನೇಜರಿಗೆ ಹೇಳಿದ್ದೀನಿ, ಸಂಘದವರಿಗೆ ಹೇಳಿದ್ದೀನಿ, ನಿನಗೂ ಹೇಳಿದ್ದೀನಿ. ದಾರ ಸುತ್ತಿಕೊಳ್ತು, ಯಂತ್ರ ನಿಲ್ಲಿಸಿದೆ. ತೆಳ್ಳಕ್ಕ ಹಿಂದೆ ಹೋದಳು, ಅಡ್ಡ ಇರೋ ಕಬ್ಬಿಣದ ಜಾಲರಿ ಎತ್ತಿ, ರೋಲರಿನಿಂದ ದಾರ ಕತ್ತರಿಸ್ತಾ ಇದ್ಲು. ನಾನು ಬಿಡ್ಲಾ ಅಂದೆ. ಅವಳು ಬಿಡಿ ಅಂದ್ಲು. ಬಿಟ್ಟೆ. ಆಮೇಲೆ ಕೈ… ಅಷ್ಟೇ. ಈಗ ಅವಳು ಆಸ್ಪತ್ರೆಯಲ್ಲಿ ಮಲಗಿಕೊಂಡು, ತಾನು ತಾಳಿ ಅಂತ ಕೂಗಿದ್ದೆ ಅಂತಾಳಂತೆ. ಪಾಪ, ಬೆರಳು ಕಳಕೊಂಡವಳು, ಬೈಯೋಕೂ ಬಾಯಿ ಬರಲ್ಲ ನನಗೆ. ಆದ್ರೆ ಸುಳ್ಳು ಸುಳ್ಳೇ ತಾನೇ?

ನೀನು ಕಪ್ಪು ತೊಳೆಯೋಕೆ ಯಾಕೆ ಎದ್ದೆ? ಕೂತ್ಕೋ. ಸರಿ, ತೊಳಿ, ನಿಮ್ಮಮ್ಮನ ಬುದ್ಧಿ, ಕೈ ಸುಮ್ಮನಿರಲ್ಲ. ಅವಳೂ ಹಾಗೇ, ನಮ್ಮಪ್ಪ ಬೈತಿದ್ರೆ ಅವಳು ಬೆನ್ನು ತಿರುಗಿಸಿ ಪಾತ್ರೆ ಉಜ್ಜೋಳು. ಕೇಳ್ತಿದ್ದಾಳೋ ಇಲ್ವೋ ಯಾರಿಗೆ ಗೊತ್ತಾಗಬೇಕು. ಅಂದ ಹಾಗೆ ಅವಳ ಮಂಡಿ ನೋವು ಹೇಗಿದೆ? ಆ ಎಣ್ಣೆ ತಿಕ್ಕಿದಳಾ?…

ಏನು? ಏನಂದೆ? ಸಕ್ಕರೆನಾ? ಮೇಲಿನ ಸಾಲಲ್ಲಿದೆ ನೋಡು, ನೀಲಿ ಮುಚ್ಚಳದ ಡಬ್ಬಿ.

ಸಕ್ಕರೆ ಅಲ್ವಾ? ಮತ್ತೆ? ಓ… ಹೌದೌದು. ಅದೇ. ಅದನ್ನೇ ನಾನೂ ಹೇಳಿದ್ದು.

ಯಾಕೆ ಹಾಗೆ ನಿಂತ್ಬಿಟ್ಟೆ? ನನ್ನ ಮುಖದಲ್ಲಿ ಏನಿದೆ? ನಲ್ಲಿನಾ? ಓ, ಬಿಟ್ಟೇ ಇತ್ತಾ? ನೀನು ಬಂದಾಗಿಂದ? ನಾನು ನೋಡ್ಲಿಲ್ಲ. ನಿಮ್ಮತ್ತೆ ಇದ್ದಿದ್ರೆ ಊರು ಒಂದು ಮಾಡ್ತಿದ್ಲು. ನಿಲ್ಲಿಸು, ನಿಲ್ಲಿಸು, ಬಂದು ಕೂತ್ಕೋ. ಟೀ ಆಮೇಲೆ ಮಾಡೋಣ.

ಹೇಳು. ಈ ಕಡೆ ತಿರುಗಿ ಹೇಳು. ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡೋದು ಯಾವಾಗ ಕಲಿತೆ? ಚಿಕ್ಕವಳಿದ್ದಾಗ ಹಲ್ಲು ಬಿದ್ದಾಗಲೂ ಹಾಗೆ ಮಾಡ್ತಿರಲಿಲ್ಲ ನೀನು. ಹಾಂ, ಈಗ ಹೇಳು.

…ಗಂಜಿ ಕಾಯಿಸೋನು? ಅವನೇನಂದ? ಅವನೇ ಯಂತ್ರ ನಿಲ್ಲಿಸಿದ್ದಂತಾ? ನಾನು ನಿಲ್ಲಿಸಿದೆ ಗಿಣಿ. ಅವಳು ಕಿರುಚಿದ ತಕ್ಷಣ ನಿಲ್ಲಿಸಿದೆ. ಅಂದ್ರೆ… ಅವನೂ ಓಡಿ ಬಂದ, ಹೌದು. ಬಾಯ್ಲರ್ ಕಡೆಯಿಂದ ಓಡಿ ಬಂದ, ಕೆಂಪು ಗುಂಡಿ ಅವನೇ ಒತ್ತಿರಬಹುದು. ಇಬ್ಬರೂ ಒಟ್ಟಿಗೇ ಒತ್ತಿದ್ವಿ ಅಂತಿಟ್ಕೋ. ಅಂಥ ಹೊತ್ತಲ್ಲಿ ಯಾರ ಕೈ ಮೊದಲು ಹೋಯ್ತು ಅಂತ ಯಾರು ನೋಡ್ತಾರೆ? ಅವನು ನನ್ನ ಭುಜ ಹಿಡಿದು ಆ ಕಡೆ ನೂಕಿದ್ದು ನಿಜ. ಗಾಬರಿ ಅವನಿಗೆ. ಅಷ್ಟಕ್ಕೇ ಅವನು ಏನೇನೋ ಹೇಳ್ಕೊಂಡು ತಿರುಗೋದಾ? ನನ್ನ ಕೈ ಕೆಳಗೆ ಕೆಲಸ ಕಲಿತವನು.

ಎಷ್ಟು ಹೊತ್ತು ಅಂದ್ರೆ? ಅವಳು ಕಿರುಚೋಕೆ ಶುರು ಮಾಡಿದ ಮೇಲೆ ನಿಲ್ಲಿಸೋಕೆ… ನನಗೇನು ಗೊತ್ತು? ಗಡಿಯಾರ ನೋಡ್ತಾ ನಿಂತಿದ್ನಾ? ನೀನೂ ಒಳ್ಳೆ ಪೊಲೀಸಿನವರ ಥರ ಕೇಳ್ತೀಯಲ್ಲ.

ಕೋಪ ಇಲ್ಲ. ಕೋಪ ಯಾಕೆ ಮಾಡ್ಕೊಳ್ಲಿ ನಿನ್ನ ಮೇಲೆ. ಆ ವಿಭಾಗಕ್ಕೆ ನನ್ನನ್ನ ಹಾಕಿಸಿದವಳೇ ನೀನು. ಮರೆತಿಲ್ಲ ನಾನು. ಕೆಲಸಕ್ಕೆ ಬಂದ ಹೊಸದರಲ್ಲೇ ಮ್ಯಾನೇಜರ್ ಹತ್ರ ಜಗಳ ಆಡಿದ್ದೀಯ ನನಗೋಸ್ಕರ. ಈ ಮನುಷ್ಯ ಇಷ್ಟು ವರ್ಷ ಮಗ್ಗದ ಸದ್ದಲ್ಲಿ ನಿಂತಿದ್ದಾನೆ, ಪುಸ್ತಕದ ಪ್ರಕಾರ ಇವನನ್ನ ಸದ್ದಿಲ್ಲದ ವಿಭಾಗಕ್ಕೆ ಹಾಕಬೇಕು, ಇಲ್ಲಾಂದ್ರೆ ಕಿವಿ ಹೋಗತ್ತೆ ಅಂತ. ಅವತ್ತು ಸಂಜೆ ಬಂದು ಹೇಳಿದೆ, ಮಾವ, ನಾಳೆಯಿಂದ ಗಂಜಿ ವಿಭಾಗ, ಅಲ್ಲಿ ಸೂಜಿ ಬಿದ್ರೂ ಕೇಳಿಸತ್ತೆ ಅಂತ. ನಿನ್ನ ಮುಖದಲ್ಲಿ ಏನು ಖುಷಿ! ಅದನ್ನ ನೋಡಿ ನಾನು ಏನಂತ ಹೇಳ್ಲಿ? ಸರಿ ಅಂದೆ.

ಏನು ಹೇಳಬೇಕು ಅಂದ್ಕೊಂಡಿದ್ದೆ ಅಂತನಾ? ಏನೂ ಇಲ್ಲ. ಸುಮ್ನೆ ಅಂದೆ. ಮಗ್ಗದವರನ್ನ ಬಿಟ್ಟು ಹೋಗೋಕೆ ಬೇಜಾರು, ಅಷ್ಟೇ.

ಅಲ್ಲಿನ ಮಾತೇ ಬೇರೆ ಇತ್ತಲ್ಲ, ನಿನಗೂ ಗೊತ್ತು. ನೂರಾರು ಮಗ್ಗ ಒಟ್ಟಿಗೇ ಬಡೀತಾ ಇದ್ರೆ ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದ್ರೂ ಕೇಳಿಸಲ್ಲ. ಅಲ್ಲಿ ಯಾರೂ ಕೂಗಲ್ಲ. ಬರೀ ತುಟಿ. ಆ ಮೂಲೆಯಿಂದ ಈ ಮೂಲೆಗೆ ತುಟಿಯಲ್ಲೇ ಮಾತು. ಯಾರ ಮಗಳಿಗೆ ಗಂಡು ಗೊತ್ತಾಯ್ತು, ಯಾರ ಮನೇಲಿ ಅತ್ತೆ ಸೊಸೆ ಜಗಳ, ಮ್ಯಾನೇಜರ್ ತಲೆಗೆ ಬಣ್ಣ ಹಚ್ಕೊಂಡು ಬಂದಿದ್ದಾನೆ, ಎಲ್ಲ ತುಟಿಯಲ್ಲೇ. ಅವನ ಎದುರಿಗೇ ಅವನನ್ನ ಆಡ್ಕೊಂಡು ನಗ್ತಿದ್ವಿ, ಅವನಿಗೆ ಏನೂ ತಿಳೀತಿರಲಿಲ್ಲ, ಅವನೂ ನಗೋನು. ನೀನು ಊಟದ ಡಬ್ಬಿ ತಂದು ಕೊಡ್ತಿದ್ದೆ ಆಗ. ಬಾಗಿಲಲ್ಲಿ ನಿಂತ್ಕೊಂಡು, ಮಾವ, ಇವತ್ತು ಉಪ್ಪು ಜಾಸ್ತಿ ಆಗಿದೆ, ಬೈಬೇಡ ಅಂತ ಅತ್ತೆ ಹೇಳಿದ್ದಾರೆ ಅಂತ ತುಟಿಯಲ್ಲೇ ಹೇಳ್ತಿದ್ದೆ. ಮಗ್ಗದವರೆಲ್ಲ ಓದಿಬಿಡೋರು. ಮಾರನೇ ದಿನ ಎಲ್ಲರೂ ನನ್ನ ಕೇಳೋರು, ಉಪ್ಪು ಹೇಗಿತ್ತು ಅಂತ. ನಿನಗೆ ಗಿಣಿ ಅಂತ ಹೆಸರು ಬಿದ್ದದ್ದೇ ಅಲ್ಲಿ, ಸದ್ದಿಲ್ಲದೆ ಅಷ್ಟು ವಟವಟ ಅನ್ನೋ ಮಗು ಇನ್ನೊಂದಿರಲಿಲ್ಲ.

ಯಾಕೆ, ಈಗ ಯಾಕೆ ಕಣ್ಣು ಒರೆಸ್ಕೋತೀಯ? ಹಳೇದು ನೆನಪಾಯ್ತಾ? ಆಗಲಿ ಬಿಡು, ಒಳ್ಳೇ ದಿನಗಳೇ ಅವು.

ಕಿವಿ ಪರೀಕ್ಷೆನಾ? ಆಯ್ತಲ್ಲ ನನ್ನದು. ಪಾಸಾಗಿದ್ದೀನಲ್ಲ, ನಿನ್ನ ಹತ್ರಾನೇ ಕಾಗದ ಇದೆ. ಆ ಹುಡುಗಿ ಗಾಜಿನ ಆ ಕಡೆ ಕೂತ್ಕೊಂಡು ಸದ್ದು ಬಿಡೋಳು, ಕೇಳಿಸಿದಾಗೆಲ್ಲ ನಾನು ಕೈ ಎತ್ತಬೇಕು. ಎತ್ತಿದೆ. ಚೆನ್ನಾಗಿದೆ ಅಂಕಲ್ ನಿಮ್ಮ ಕಿವಿ ಅಂದ್ಲು. ಅದಕ್ಕಿಂತ ಇನ್ನೇನು ಬೇಕು?

ಹೌದು, ಗಾಜಿನ ಈ ಕಡೆಯಿಂದ ಅವಳು ಕಾಣ್ತಿದ್ಲು. ಕಾಣದೆ ಇನ್ನೇನು, ಗಾಜಲ್ವಾ? ಗುಂಡಿ ಒತ್ತುವಾಗ ಅವಳ ಕೈನಾ? ಕಂಡಿರಬಹುದು. ಕೈ, ಭುಜ, ಎಲ್ಲ ಕಾಣತ್ತೆ. ಇದೆಂಥ ಪ್ರಶ್ನೆ?

ಒಂದು ಮಾತು ಕೇಳ್ಲಾ? ಇಷ್ಟು ನಿಧಾನಕ್ಕೆ ಯಾಕೆ ಮಾತಾಡ್ತಿದ್ದೀಯ ಇವತ್ತು? ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡೋ ಥರ, ಒಂದೊಂದೇ ಮಾತು ಬಿಡಿಸಿ ಬಿಡಿಸಿ. ನನಗೆ ಅರ್ಥ ಆಗತ್ತಮ್ಮಾ. ಕಾರ್ಖಾನೆ ಭಾಷಣ ಅಲ್ಲ ಇದು.

ಹೂಂ. ಹೂಂ, ತೆಳ್ಳಕ್ಕನ ಕೆಲಸ ಹೋಗತ್ತೆ, ಗೊತ್ತು. ನನ್ನ ಮಾತು ನಿಜ ಅಂತಾದ್ರೆ ತಪ್ಪು ಅವಳದ್ದು. ಕೈ ಒಳಗಿದ್ದಾಗ ಬಿಡಿ ಅಂದವಳನ್ನ ಯಾವ ಕಾರ್ಖಾನೆಯೂ ಇಟ್ಕೊಳ್ಳಲ್ಲ. ಮೂರು ಬೆರಳಿಲ್ಲದವಳಿಗೆ ಬೇರೆ ಕಡೆ ಕೆಲಸ ಯಾರೂ ಕೊಡಲ್ಲ, ಅದೂ ಗೊತ್ತು. ನೀನು ಹೇಳಿ ನನಗೆ ಗೊತ್ತಾಗಬೇಕಿಲ್ಲ. ಅವಳ ಮಕ್ಕಳು ನಮ್ಮ ಬೀದಿ ಕೊನೇಲೇ ಆಡ್ತವೆ. ಮೊನ್ನೆ ದೊಡ್ಡವಳು ನನ್ನ ನೋಡಿ ಒಳಗೆ ಓಡಿಹೋದ್ಲು. ಮುಂಚೆ ಸೈಕಲ್ ಹಿಂದೆ ಬಿದ್ದು ಒಂದು ಸುತ್ತು ಕೊಡಿ ತಾತ ಅನ್ನೋಳು. ಆ ಮಗು ಒಳಗೆ ಓಡಿದ್ದು ನೋಡಿ ನನಗೆ… ಇರಲಿ. ಹಾಗಂತ ಅವಳು ಹೇಳದೇ ಇರೋದನ್ನ ಹೇಳಿದ್ಲು ಅನ್ನಬೇಕಾ? ಅವಳು ಬಿಡಿ ಅಂದ್ಲು.

ಅಂದ್ಲು ಅಂದ್ರೆ ಅಂದ್ಲು! ಯಾವ ದನಿಯಲ್ಲಿ ಅಂತ ಕೇಳ್ತೀಯಲ್ಲ, ದನಿ ಯಾವ ಥರ ಇರತ್ತೆ? ಹೆಂಗಸಿನ ದನಿ. ಅವಳದ್ದೇ ದನಿ. ಸಣ್ಣದೋ ದಪ್ಪದೋ ನಾನೇನು ಹಾಡಿನ ಮೇಷ್ಟ್ರಾ?

ನೀನು ನನ್ನ ನಂಬಲ್ಲ. ನೇರ ಹೇಳಿಬಿಡು. ಆ ಗಂಜಿ ಕಾಯಿಸೋನ ಮಾತು ನಂಬ್ತೀಯ, ಆಸ್ಪತ್ರೆಯಲ್ಲಿ ಮಲಗಿದವಳ ಮಾತು ನಂಬ್ತೀಯ, ಹೆಗಲ ಮೇಲೆ ಹೊತ್ತು ತಿರುಗಿಸಿದವನ ಮಾತು ಮಾತ್ರ ನಿನಗೆ ರುಚಿಸಲ್ಲ. ಬಂದಾಗಿಂದ ನೋಡ್ತಿದ್ದೀನಿ, ಒಂದೇ ಪ್ರಶ್ನೆ ಹತ್ತು ಥರ ತಿರುಗಿಸ್ತೀಯ. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ ತಾನೇ? ಒಂದಾದ್ರೂ ಬಿಟ್ಟಿದ್ದೀನಾ? ಕಿವಿ ಕೇಳದವನು ಹೀಗೆ ಮಾತಿಗೆ ಮಾತು ಕೊಡ್ತಾನಾ ಹೇಳು.

…ಅಲ್ಲ. ನೀನು ಕಿವಿ ಕೇಳಲ್ಲ ಅಂತ ಎಲ್ಲಿ ಅಂದೆ, ನೀನು ಅನ್ನಲಿಲ್ಲ. ನಾನೇ ಅಂದೆ. ನೀನು ಪರೀಕ್ಷೆ ಅದು ಇದು ಅಂತ ತೆಗೆದೆಯಲ್ಲ, ಅದಕ್ಕೆ ಬಾಯಿಗೆ ಬಂತು.

ಏನು, ಕೈ ಕೊಡಬೇಕಾ? ಯಾಕೆ? ಕೈ ನೋಡಿ ಭವಿಷ್ಯ ಹೇಳೋದೂ ಪುಸ್ತಕದಲ್ಲಿದೆಯಾ? ತಗೋ. ಇದೇನು, ನಿನ್ನ ಕುತ್ತಿಗೆ ಮೇಲೆ ಇಟ್ಕೋತಿದ್ದೀಯ… ಜ್ವರನಾ? ಬಿಸಿ ಇಲ್ಲಮ್ಮಾ, ತಣ್ಣಗೇ ಇದೆ. ಗಂಟಲು ನೋವಾ?

ಸರಿ, ಹೇಳು. ಹಾಂ. ಮಾವ, ನಾನು ಈಗ ಏನು ಹೇಳ್ತಿದ್ದೀನಿ ಅಂತ. ಅದೇ ಅಲ್ವಾ ನೀನು ಕೇಳಿದ್ದು? ನೋಡು, ಒಂದಕ್ಷರ ಬಿಡದೆ ಹೇಳಿದೆ. ಇನ್ನೊಂದು ಹೇಳು. ಅತ್ತೆ ನೀಲಿ ಮುಚ್ಚಳದ ಡಬ್ಬಿಯಲ್ಲಿ ಸಕ್ಕರೆ ಇಡಲ್ಲ, ಉಪ್ಪು ಇಡ್ತಾರೆ ಅಂತ. ಹ ಹ, ಅದೂ ಸರಿ, ನಾನು ಮರೆತಿದ್ದೆ. ಸಾಕಾ? ಇನ್ನೂ ಬೇಕಾ? ಹೇಳು ಹೇಳು, ಎಷ್ಟು ಬೇಕಾದ್ರೂ…

ಅದುರ್ತಾ ಇಲ್ಲ.

ಗಿಣಿ, ನಿನ್ನ ಗಂಟಲು ಅದುರ್ತಾ ಇಲ್ಲ. ಇರು. ಇನ್ನೊಂದ್ಸಲ ಹೇಳು. ಏನಾದ್ರೂ ಹೇಳು… ಹೇಳ್ತಿದ್ದೀಯ, ತುಟಿ ಆಡ್ತಿದೆ, ನನಗೆ ತಿಳೀತಿದೆ, ಆದ್ರೆ ಇಲ್ಲಿ ಕೈ ಕೆಳಗೆ ಏನೂ… ನಿಂತ ಯಂತ್ರದ ಮೇಲೆ ಕೈಯಿಟ್ಟ ಹಾಗಿದೆ. ದನಿ ತೆಗಿ. ದನಿ ತೆಗೆದು ಮಾತಾಡು. ಹಾಂ… ಈಗ ಅದುರ್ತು. ಈಗ ಅದುರ್ತಿದೆ. ಈಗ ಮಾತಾಡ್ತಿದ್ದೀಯ.

ಅಂದ್ರೆ ಇಷ್ಟು ಹೊತ್ತು ನೀನು ದನೀನೇ ತೆಗೆದಿರಲಿಲ್ಲ.

ಯಾವಾಗಿಂದ? ಆ ನಲ್ಲಿ ನಿಲ್ಲಿಸಿ ಬಂದು ಕೂತಾಗಿಂದಾನಾ? ಗಂಜಿ ಕಾಯಿಸೋನ ವಿಷಯ, ತೆಳ್ಳಕ್ಕನ ಕೆಲಸದ ವಿಷಯ, ಎಲ್ಲ ಬರೀ ತುಟಿಯಲ್ಲಾ? ಮಗ್ಗದ ಹತ್ರ ಮಾತಾಡಿದ ಹಾಗೆ? ಇಷ್ಟು ಸದ್ದಿಲ್ಲದ ಮನೆಯಲ್ಲಿ ಕೂತ್ಕೊಂಡು… ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊಡ್ತಾನೇ ಹೋದೆ. ಎಂಥ ಮೂರ್ಖ ನಾನು. ಎಷ್ಟು ಜಂಬದಿಂದ ಕೊಟ್ಟೆ.

ಅಳಬೇಡ. ಬೈಬೇಕು ಅನ್ಸಿದ್ರೆ ಬೈ. ನಿನಗೆ ಕಲಿಸಿದವನೇ ನಾನು, ನನ್ನ ಮೇಲೇ ತಿರುಗಿಸಿದೆ. ಸರಿಯಾಗೇ ಮಾಡಿದೆ.

ಎಷ್ಟು ವರ್ಷ ಅಂತ ನನಗೂ ಗೊತ್ತಿಲ್ಲ. ಮಗ್ಗದ ಹತ್ರ ಗೊತ್ತಾಗಲ್ಲ ಕಣಮ್ಮಾ. ಅಲ್ಲಿ ಯಾರಿಗೂ ಏನೂ ಕೇಳಿಸಲ್ಲ, ಎಲ್ಲರೂ ತುಟಿ ನೋಡೋರೇ, ನನ್ನ ಕಿವಿ ಹೋದದ್ದು ಯಾವತ್ತು ಅಂತ ನನಗೆ ಹೇಗೆ ತಿಳೀಬೇಕು? ಹೊರಗೆ ಬಂದಾಗ ಒಂದು ದಿನ ಗಮನಿಸಿದೆ, ಬೀದಿ ನಿಶ್ಶಬ್ದ. ಇವತ್ತೇನು ರಜಾನಾ ಅಂದ್ಕೊಂಡೆ. ಹಕ್ಕಿ ಇಲ್ಲ, ಗಾಡಿ ಇಲ್ಲ. ಆಮೇಲೆ ನೋಡಿದ್ರೆ ಎಲ್ಲ ಇದೆ, ಓಡಾಡ್ತಿವೆ. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಕೂತುಬಿಟ್ಟೆ. ನಿಮ್ಮತ್ತೆ ಬಾಗಿಲು ಬಡಿದು ಬಡಿದು ಸುಸ್ತಾಗಿ, ಕೊನೆಗೆ ಚಿಲಕ ಮುರಿಸಿದ್ಲು. ಅವಳಿಗೆ ಗೊತ್ತು. ಒಬ್ಬಳಿಗೇ ಗೊತ್ತು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡೆ. ಪಾಪ, ಅದಕ್ಕೇ ದಿನಾ ಆಸ್ಪತ್ರೆಗೆ ಓಡ್ತಾಳೆ. ಬಾಯಿ ಬಿಟ್ಟು ಹೇಳೋಕಾಗಲ್ಲ, ಸುಮ್ಮನಿರೋಕೂ ಆಗಲ್ಲ.

ನಿನಗೆ ಯಾಕೆ ಹೇಳಲಿಲ್ಲ… ಹೇಗೆ ಹೇಳ್ಲಿ? ನನ್ನ ಕಿವಿ ಉಳಿಸ್ತೀನಿ ಅಂತ ನೀನು ಜಗಳ ಆಡಿ ಬಂದಿದ್ದೆ. ಉಳಿಸೋಕೆ ಏನೂ ಉಳಿದಿಲ್ಲ ಕೂಸೇ ಅಂತ ಹೇಳಬೇಕಿತ್ತಾ? ಹೇಳಬೇಕಿತ್ತು. ಹೇಳಿದ್ರೆ ನನ್ನನ್ನ ಗೇಟಿನ ಹತ್ರ ಕೂರಿಸ್ತಿದ್ರಿ, ಪೊರಕೆ ಕೊಟ್ಟು. ಮಗ್ಗದ ಮೇಸ್ತ್ರಿ ಆಗಿದ್ದವನಿಗೆ ಪೊರಕೆ. ಆ ಒಂದು ನಾಚಿಕೆಗೆ ಬಾಯಿ ಮುಚ್ಕೊಂಡೆ. ನೀನು ಪುಣ್ಯಾತ್ಗಿತ್ತಿ, ಇಡೀ ಗಿರಣಿಯಲ್ಲಿ ಕಿವಿ ಬೇಕೇ ಬೇಕಾದ ಒಂದೇ ಜಾಗಕ್ಕೆ ನನ್ನ ಹಾಕಿದೆ. ನಿನ್ನ ತಪ್ಪಲ್ಲ. ಪುಸ್ತಕದಲ್ಲಿ ಸರಿಯಾಗೇ ಇದೆ. ಆ ಅಧ್ಯಾಯ ಬರೆದವರು ನನ್ನಂಥ ಕಳ್ಳನ್ನ ನೋಡಿಲ್ಲ, ಅಷ್ಟೇ.

ಅಲ್ಲಿ ಹೇಗೆ ನಡೆಸ್ತಿದ್ದೆ ಅಂತನಾ? ಕೈಯಿಂದ. ಹಿಂದಿನವರು ಕೆಲಸ ಮುಗಿಸಿ ಜಾಲರಿ ಇಳಿಸ್ತಾರಲ್ಲ, ಅದು ಧಡ್ ಅಂತ ಬೀಳತ್ತೆ. ಯಂತ್ರದ ಚೌಕಟ್ಟಿನ ಮೇಲೆ ಕೈ ಇಟ್ಕೊಂಡಿದ್ರೆ ಆ ಪೆಟ್ಟು ನನಗೆ ಗೊತ್ತಾಗೋದು. ಬಿಡ್ಲಾ ಅಂತ ಸುಮ್ನೆ ಕೂಗೋನು, ಎಲ್ಲರ ಕಣ್ಣಿಗೆ. ಉತ್ತರಕ್ಕೆ ಕಾಯೋ ಹಾಗೆ ನಿಲ್ಲೋನು. ಕೈಗೆ ಪೆಟ್ಟು ಬಂದ ಮೇಲೇ ಬಿಡೋನು. ಒಂದು ಸಲಾನೂ ತಪ್ಪಿರಲಿಲ್ಲ ಗಿಣಿ. ನನ್ನ ಕೈಯೇ ನನ್ನ ಕಿವಿ ಅಂತ ಒಳಗೊಳಗೇ ಬೀಗ್ತಿದ್ದೆ.

ಅವತ್ತೂ ಪೆಟ್ಟು ಬಂತು. ಬಂತು, ನನ್ನಾಣೆ. ಜಾಲರಿ ಬಿತ್ತು ಅಂದ್ಕೊಂಡು ಬಿಟ್ಟೆ. ಆಮೇಲೆ ನೋಡಿದ್ರೆ ಪಕ್ಕದಲ್ಲಿ ದಾರದ ಉರುಳೆ ತುಂಬಿದ ತಳ್ಳುಗಾಡಿ. ತಿರುಗಿಸುವಾಗ ಚೌಕಟ್ಟಿಗೆ ತಗುಲಿದೆ. ಅಷ್ಟೇ. ಗಾಡಿ ತಳ್ತಿದ್ದವನಿಗೆ ಗೊತ್ತೇ ಇಲ್ಲ, ಅವನು ಅದನ್ನ ಅಲ್ಲೇ ಬಿಟ್ಟು ಆಗಲೇ ಹೊರಟುಹೋಗಿದ್ದ.

ಅವಳು ಬಿಡಿ ಅಂದ್ಲಾ ಅಂತ ಕೇಳಬೇಡ ಇನ್ನು. ಅವಳು ಏನಂದ್ಲೋ ನನಗೆ ಗೊತ್ತಿಲ್ಲ. ತಾಳಿ ಅಂದಿರ್ತಾಳೆ. ಅವಳು ಸುಳ್ಳು ಹೇಳೋ ಹೆಂಗಸಲ್ಲ. ಆ ಕಾಗದ ಕೊಡು ಇಲ್ಲಿ. ಇದಕ್ಕೆ ಸಹಿ ಇಲ್ಲ. ಹರಿದೆ, ತಗೋ. ಬೇರೆ ಹಾಳೆ ತೆಗಿ. ನಾನು ಹೇಳ್ತೀನಿ, ನೀನು ಬರಿ. ಅವಳು ತಾಳಿ ಅಂದಳು, ನನಗೆ ಕೇಳಿಸಲಿಲ್ಲ. ಮೇಸ್ತ್ರಿಗೆ ಕಿವಿ ಕೇಳಿಸಲ್ಲ. ಬಚ್ಚಿಟ್ಟಿದ್ದ. ಬೀಗ ಹಾಕಬೇಡಿ, ನಾನಿದ್ದೀನಿ ಅಂದವನೂ ಅವನೇ. ಹಾಗೇ ಬರಿ, ಮಾವ ಗೀವ ಅಂತ ನೋಡಬೇಡ.

ನಿಧಾನಕ್ಕೆ ಬರಿ. ಒಂದು ಮಾತೂ ಬಿಡಬೇಡ.

ಗಿಣಿ… ಒಂದು ಕೇಳ್ಲಾ? ನೀನು ಆಸ್ಪತ್ರೆಗೆ ಹೋಗಿ ಅವಳ ಹತ್ರ ಕೂತಿದ್ದೆಯಲ್ಲ. ತಾಳಿ ಅಂದದ್ದು ಮೊದಲು. ಆಮೇಲೆ? ರೋಲರ್ ಕೈ ಹಿಡ್ಕೊಂಡ ಮೇಲೆ, ಗಂಜಿ ಕಾಯಿಸೋನು ಬರೋ ತನಕ? ಅಷ್ಟು ಹೊತ್ತು ನಾನು ಮುಂದೆ ನಿಂತಿದ್ದೆ ಕಣಮ್ಮಾ. ದಾರ ಸರಿಯಾಗಿ ಹೋಗ್ತಿದೆಯಾ ಅಂತ ನೋಡ್ತಾ ನಿಂತಿದ್ದೆ. ಅವಳು ಸುಮ್ಮನಿದ್ದಿರಲ್ಲ. ಏನೋ ಕೂಗಿರ್ತಾಳೆ. ನಿನಗೆ ಹೇಳಿರ್ತಾಳೆ. ಏನಂತ ಕೂಗಿದ್ಲು?

ಬೇಡ ಅನ್ನಬೇಡ. ನಾನು ತಿಳ್ಕೋಬೇಕು. ಮುಖ ತಗ್ಗಿಸಬೇಡ, ನನಗೆ ಕಾಣಲ್ಲ. ಈ ಕಡೆ ನೋಡು. ಹಾಂ… ಹೇಳು.

ಇನ್ನೊಂದ್ಸಲ.

ಅಣ್ಣಾ ಅಂತನಾ?

ಗಿರಣಿಯಲ್ಲಿ ಅವಳು ನನ್ನನ್ನ ಯಾವತ್ತೂ ಮೇಸ್ತ್ರಿ ಅಂತಲೇ ಕರೆಯೋದು. ಅಣ್ಣಾ ಅಂದ್ಲಾ? ಅಣ್ಣಾ, ಅಣ್ಣಾ ಅಂತ… ಅಷ್ಟು ಹೊತ್ತೂ?